ದವಡೆ ಮುರಿದ ದೇವರ ಮಾತು

ಸಂಜೆ ದೀಪ ಹಚ್ಚಿದ ಮೇಲೆ ಮಕ್ಕಳಿಂದ ಹೇಳಿಸುವ ಶ್ಲೋಕಗಳಲ್ಲಿ ಹನುಮಂತನದೊಂದು ಇದ್ದೇ ಇರುತ್ತದೆ. ಅವನನ್ನು ನೆನೆದವರಿಗೆ ಏನೇನು ದಕ್ಕುತ್ತದೆ ಎಂದು ತಿಳಿಸುವ ಪುಟ್ಟ ಶ್ಲೋಕ. ನಮ್ಮ ಅಜ್ಜಿ ಅದನ್ನು ಬೆರಳು ಮಡಿಸುತ್ತ ಹೇಳಿಸುತ್ತಿದ್ದಳು. ಬುದ್ಧಿ, ಬಲ, ಯಶಸ್ಸು, ಧೈರ್ಯ, ನಿರ್ಭಯ, ಆರೋಗ್ಯ, ಚುರುಕು, ಎಂಟನೆಯದು ವಾಕ್ಪಟುತ್ವ. ಎಂಟನೆಯ ಬೆರಳಿಗೆ ಬರುವ ಹೊತ್ತಿಗೆ ನಮ್ಮ ಕಣ್ಣು ನೈವೇದ್ಯದ ತಟ್ಟೆಯ ಮೇಲಿರುತ್ತಿತ್ತು. ಪದವೂ ನಾಲಿಗೆಗೆ ತೊಡಕು, ಅರ್ಧಕ್ಕೇ ನುಂಗಿಬಿಡುತ್ತಿದ್ದೆವು. ಅಜ್ಜಿ ಬಿಡುತ್ತಿರಲಿಲ್ಲ. ‘ಕೊನೇದನ್ನ ನುಂಗಬೇಡ್ರೋ, ಹನುಮಪ್ಪನ ಹತ್ರ ಕೇಳ್ಕೋಬೇಕಾದ್ದೇ ಅದು’ ಎನ್ನುತ್ತಿದ್ದಳು.

ಗದೆ ಹಿಡಿದವನ ಹತ್ತಿರ ಮಾತು ಕೇಳಿಕೊಳ್ಳುವುದೇ? ಆ ವಯಸ್ಸಿಗೆ ಅದು ಹೊಳೆಯುವ ಸಂಗತಿಯಾಗಿರಲಿಲ್ಲ. ನಮಗೆ ಬೇಕಾಗಿದ್ದವನು ಸಂಜೀವಿನಿ ಬೆಟ್ಟ ಹೊತ್ತವನು, ಲಂಕೆ ಸುಟ್ಟವನು, ಗರಡಿಮನೆಯ ಗೋಡೆಯ ಮೇಲೆ ತೊಡೆ ತಟ್ಟಿ ನಿಂತವನು. ಈಗ ರಾಮಾಯಣವನ್ನು ಮತ್ತೆ ಮತ್ತೆ ಓದಿದ ಮೇಲೆ ಅಜ್ಜಿ ಹೇಳಿದ್ದೇ ಸರಿ ಎಂದು ನನಗೆ ಗಟ್ಟಿಯಾಗಿ ಅನ್ನಿಸಿದೆ. ಹನುಮ ಮೊದಲು ಮಾತಿನ ದೇವರು, ಬಲದ ದೇವರಾದದ್ದು ಆಮೇಲೆ.

ಅವನ ಹೆಸರನ್ನೇ ನೋಡಿ. ಹನು ಎಂದರೆ ದವಡೆ. ಎಳೆಯ ಮಗು ಉದಯಸೂರ್ಯನನ್ನು ಹಣ್ಣೆಂದು ಬಗೆದು ಹಾರಿತು, ಇಂದ್ರ ವಜ್ರಾಯುಧ ಬೀಸಿದ, ಮಗು ಬೆಟ್ಟದ ಮೇಲೆ ಬಿತ್ತು, ಎಡ ದವಡೆ ಮುರಿಯಿತು. ಹನುಮಂತ ಎಂಬ ಹೆಸರು ಬಂದದ್ದು ಆ ಮುರಿದ ದವಡೆಯಿಂದ ಎಂದು ವಾಲ್ಮೀಕಿಯ ಕಿಷ್ಕಿಂಧಾಕಾಂಡದಲ್ಲಿ ಜಾಂಬವಂತ ಹೇಳುತ್ತಾನೆ. ಮುರಾರಿ, ತ್ರಿಪುರಾರಿ, ಮಹಿಷಮರ್ದಿನಿ ಎಂದು ಎಷ್ಟೋ ದೇವರ ಹೆಸರು ಗೆಲುವಿನಿಂದ ಬಂದಿವೆ. ಇವನ ಹೆಸರು ಗಾಯದ್ದು. ಅದೂ ಎಲ್ಲಿಯ ಗಾಯ? ಮಾತು ಹೊರಡುವ ಜಾಗದ್ದು.

ಮಗುವನ್ನು ಎತ್ತಿಕೊಂಡು ವಾಯು ಗುಹೆ ಸೇರಿದ, ಬೀಸುವುದನ್ನೇ ನಿಲ್ಲಿಸಿದ. ಲೋಕಕ್ಕೆಲ್ಲ ಉಸಿರು ಕಟ್ಟಿತು. ದೇವತೆಗಳು ಓಡಿಬಂದು ಮಗುವಿಗೆ ಜೀವ ಕೊಟ್ಟರು, ಒಬ್ಬೊಬ್ಬರೂ ಒಂದೊಂದು ವರ ಕೊಟ್ಟರು. ನಮ್ಮ ಮಾಧ್ವ ಪರಂಪರೆ ಹನುಮನನ್ನು ಮುಖ್ಯಪ್ರಾಣ ಎಂದು ಕರೆಯುತ್ತದೆ. ಉಡುಪಿಯ ಕೃಷ್ಣಮಠದಲ್ಲಿ ಆ ಹೆಸರಿನಲ್ಲೇ ಅವನಿಗೆ ಗುಡಿಯಿದೆ. ಪ್ರಾಣವೆಂದರೆ ಉಸಿರು. ಆ ಉಸಿರೇ ಗಂಟಲಲ್ಲಿ ತಿರುಗಿ ನಾಲಿಗೆಗೆ, ಹಲ್ಲಿಗೆ, ತುಟಿಗೆ ತಾಗಿ ಹೊರಬಂದರೆ ಮಾತು. ಗಾಳಿಯ ಮಗನಾಗಿ ಹುಟ್ಟಿ ದವಡೆಯ ಹೆಸರು ಹೊತ್ತವನು ಮುಂದೆ ಕಲಿಯಲು ಹೋದದ್ದು ಏನನ್ನು? ವ್ಯಾಕರಣವನ್ನು. ಗುರು ಸೂರ್ಯ. ಹಣ್ಣೆಂದು ತಿನ್ನಹೋದವನನ್ನೇ ಗುರು ಮಾಡಿಕೊಂಡ. ಸೂರ್ಯ ನಿಲ್ಲುವಂತಿಲ್ಲವಾದ್ದರಿಂದ ಶಿಷ್ಯ ಮೂಡುಮಲೆಯಿಂದ ಪಡುಮಲೆಯವರೆಗೆ ಅವನ ಜೊತೆಗೇ ಸಾಗುತ್ತ ಪಾಠ ಕೇಳಿದ ಎಂದು ಉತ್ತರಕಾಂಡ ಹೇಳುತ್ತದೆ. ಗುರುವಿನ ಮುಖಕ್ಕೆ ಬೆನ್ನು ತೋರಿಸಬಾರದೆಂದು ಹಿಂದಹಿಂದಕ್ಕೆ ನಡೆದ ಎಂದು ನಮ್ಮ ಕತೆಗಾರರು ಸೇರಿಸುತ್ತಾರೆ. ಆ ಸೇರಿಕೆ ನನಗೆ ಬಲು ಇಷ್ಟ.

ರಾಮನಿಗೂ ಹನುಮನಿಗೂ ಮೊದಲ ಭೇಟಿಯಾದದ್ದು ಪಂಪಾಸರೋವರದ ಸೀಮೆಯಲ್ಲಿ. ಇವತ್ತಿನ ಹಂಪಿ, ಆನೆಗೊಂದಿಯ ಸುತ್ತಮುತ್ತಲೇ ಆ ಕಿಷ್ಕಿಂಧೆ ಎಂಬುದು ಇಲ್ಲಿಯ ನಂಬಿಕೆ. ತುಂಗಭದ್ರೆಯ ದಡದ ಆ ಬಂಡೆಗಳ ನಡುವೆ ನಿಂತರೆ ನಂಬದಿರುವುದು ಕಷ್ಟ. ಬಿಲ್ಲು ಹಿಡಿದ ಇಬ್ಬರು ಬರುತ್ತಿದ್ದಾರೆಂದು ಋಷ್ಯಮೂಕದಲ್ಲಿ ಅಡಗಿದ್ದ ಸುಗ್ರೀವ ನಡುಗಿದ. ವಾಲಿಯೇ ಕಳಿಸಿರಬೇಕೆಂದು ಅವನ ಭಯ. ವಿಚಾರಿಸಿಕೊಂಡು ಬರಲು ಹನುಮನನ್ನು ಕಳಿಸಿದ. ಹನುಮ ಭಿಕ್ಷುವಿನ ವೇಷದಲ್ಲಿ ಹೋದ, ನಮಸ್ಕರಿಸಿದ, ಮಾತಾಡಿದ. ಬಲ ತೋರಿಸುವ ಯಾವ ಕೆಲಸವನ್ನೂ ಅವನಿನ್ನೂ ಮಾಡಿಲ್ಲ, ಸಮುದ್ರ ಹಾರಿಲ್ಲ, ಬೆಟ್ಟ ಕಿತ್ತಿಲ್ಲ. ಆದರೂ ರಾಮ ಬೆರಗಾದ.

ಲಕ್ಷ್ಮಣನ ಕಡೆ ತಿರುಗಿ ರಾಮ ಹೇಳುವುದನ್ನು ಮಾತು ಕಲಿಯುವವರೆಲ್ಲ ಓದಬೇಕು. ವೇದಗಳನ್ನು ಕಲಿಯದವನು ಹೀಗೆ ಮಾತಾಡಲಾರ ಎನ್ನುತ್ತಾನೆ. ಇಷ್ಟು ಹೊತ್ತು ಮಾತಾಡಿದರೂ ಒಂದು ತಪ್ಪು ಪದ ಬರಲಿಲ್ಲ, ಮುಖದಲ್ಲಿ, ಕಣ್ಣಲ್ಲಿ, ಹುಬ್ಬಿನಲ್ಲಿ ಒಂದು ವಿಕಾರ ಕಾಣಲಿಲ್ಲ ಎನ್ನುತ್ತಾನೆ. ಎಳೆದಾಡಲಿಲ್ಲ, ಸಂದೇಹಕ್ಕೆ ಎಡೆಗೊಡಲಿಲ್ಲ, ದನಿ ಏರಲೂ ಇಲ್ಲ ಇಳಿಯಲೂ ಇಲ್ಲ, ನಡುಸ್ವರದಲ್ಲೇ ನಡೆಯಿತು. ಕತ್ತಿ ಎತ್ತಿ ನಿಂತ ಶತ್ರುವಿನ ಮನಸ್ಸೂ ಇಂಥ ಮಾತಿಗೆ ಕರಗೀತು. ಇಂಥ ದೂತನಿರುವ ದೊರೆಯ ಕೆಲಸ ಕೆಡುವುದುಂಟೆ? ಇಷ್ಟು ಹೇಳಿ, ಇವನಿಗೆ ನೀನೂ ಸವಿಯಾಗಿ ಉತ್ತರ ಕೊಡು ಎಂದು ತಮ್ಮನಿಗೆ ಹೇಳುತ್ತಾನೆ. ಹೆಂಡತಿಯನ್ನು ಕಳೆದುಕೊಂಡು ಕಾಡು ಕಾಡು ಅಲೆಯುತ್ತಿದ್ದವನು ಒಬ್ಬ ಅಪರಿಚಿತನ ಮಾತಿನ ಚೆಂದಕ್ಕೆ ಕ್ಷಣಹೊತ್ತು ತನ್ನ ನೋವು ಮರೆತ. ಹನುಮ ರಾಮನಿಗೆ ಮಾಡಿದ ಮೊದಲ ಉಪಕಾರ ಇದೇ ಎಂದು ನಾನು ಎಣಿಸುತ್ತೇನೆ.

ಮಾತು ಬಲ್ಲವನಿಗೆ ಮೌನವೂ ಗೊತ್ತಿರುತ್ತದೆ. ಕಡಲ ತಡಿಯಲ್ಲಿ ವಾನರರೆಲ್ಲ ಸೇರಿ ಯಾರು ಎಷ್ಟು ದೂರ ಹಾರಬಲ್ಲರೆಂದು ಹೇಳಿಕೊಂಡರು. ಗಜ ಹತ್ತು ಯೋಜನ ಅಂದ, ಗವಾಕ್ಷ ಇಪ್ಪತ್ತು ಅಂದ, ಹೀಗೆ ಏರುತ್ತ ಏರುತ್ತ ಮುದುಕ ಜಾಂಬವಂತ ತೊಂಬತ್ತಕ್ಕೆ ನಿಂತ. ಅಂಗದ ನೂರು ಹಾರಿಯೇನು, ಮರಳಿ ಬರುವುದು ಸಂಶಯ ಎಂದ. ಈ ಎಣಿಕೆಯಲ್ಲಿ ಒಂದು ದನಿ ಮಾತ್ರ ಕೇಳಲಿಲ್ಲ. ಹನುಮ ದೂರ ಒಂದು ಮೂಲೆಯಲ್ಲಿ ಸುಮ್ಮನೆ ಕುಳಿತಿದ್ದ. ಯಾಕಪ್ಪ ಸುಮ್ಮನಿದ್ದೀಯ ಎಂದು ಜಾಂಬವಂತನೇ ಎಬ್ಬಿಸಿ ಅವನ ಬಲವನ್ನು ಅವನಿಗೆ ನೆನಪಿಸಬೇಕಾಯಿತು.

ಇನ್ನು ಅಶೋಕವನ. ಹನುಮಂತನ ಜೀವನದ ಅತ್ಯಂತ ದೊಡ್ಡ ಸಾಹಸ ಸಮುದ್ರ ಹಾರಿದ್ದಲ್ಲ ಎಂದು ನಾನು ಹೇಳಿದರೆ ಓದುಗರು ಬೇಸರಿಸಬಾರದು. ಶಿಂಶಪಾ ಮರದ ಎಲೆಗಳ ಮರೆಯಲ್ಲಿ ಅವನು ಒಬ್ಬನೇ ಕುಳಿತು ಯೋಚಿಸಿದನಲ್ಲ, ಆ ಹೊತ್ತು ಅದಕ್ಕಿಂತ ದೊಡ್ಡದು. ಕೆಳಗೆ ಸೀತೆ. ಸುತ್ತ ರಾಕ್ಷಸಿಯರು. ರಾವಣ ಆಗಷ್ಟೇ ಬಂದು ಬೆದರಿಸಿ ಹೋಗಿದ್ದಾನೆ. ಅವಳು ಜೀವ ಬಿಡುವ ಯೋಚನೆಯಲ್ಲಿದ್ದಾಳೆ. ಸುಮ್ಮನಿದ್ದರೆ ಅವಳು ಉಳಿಯುವುದಿಲ್ಲ. ಮಾತಾಡಿದರೆ ಹೇಗೆ ಮಾತಾಡಬೇಕು? ಪಂಡಿತರ ಸಂಸ್ಕೃತದಲ್ಲಿ ಮಾತೆತ್ತಿದರೆ, ಕೋತಿಯ ಬಾಯಲ್ಲಿ ಇಂಥ ಭಾಷೆಯೇ ಎಂದು ಅವಳು ಬೆದರಿಯಾಳು, ರಾವಣನೇ ವೇಷ ಹಾಕಿ ಬಂದನೆಂದು ಕೂಗಿಯಾಳು. ಕೂಗಿದರೆ ರಾಕ್ಷಸಿಯರು ಏಳುತ್ತಾರೆ, ಕಾಳಗವಾಗುತ್ತದೆ, ಬಂದ ಕೆಲಸ ಕೆಡುತ್ತದೆ. ಆದ್ದರಿಂದ ಸಾಮಾನ್ಯ ಮನುಷ್ಯರಾಡುವ ಮಾತನ್ನೇ ಆಡಬೇಕು ಎಂದು ನಿಶ್ಚಯಿಸಿದ. ಸೂರ್ಯನ ಬೆನ್ನಿಗೆ ಬಿದ್ದು ಕಲಿತ ವ್ಯಾಕರಣವನ್ನೆಲ್ಲ ಪಕ್ಕಕ್ಕಿಟ್ಟ, ಹೆದರಿದ ಒಬ್ಬ ಹೆಣ್ಣುಮಗಳಿಗಾಗಿ.

ಹಾಗಂತ ಧಡಕ್ಕನೆ ಎದುರಿಗೆ ಹೋಗಿ ನಿಲ್ಲಲಿಲ್ಲ. ಮರದ ಮೇಲಿಂದಲೇ, ಅವಳಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ, ದಶರಥನೆಂಬ ಅರಸನಿದ್ದ ಎಂದು ಕತೆ ಆರಂಭಿಸಿದ. ಅವಳಿಗೆ ಗೊತ್ತಿರುವ ಕತೆ, ಅವಳದೇ ಮನೆಯ ಕತೆ. ಕತೆ ಕೇಳಿ ಅವಳು ತಲೆಯೆತ್ತಿ ನೋಡಿದಳು. ಆಮೇಲೆ ಕೆಳಗಿಳಿದ, ಕೈಮುಗಿದ. ಅವಳಿಗೆ ಮತ್ತೆ ಸಂಶಯ ಬಂತು, ಮತ್ತೆ ತಾಳ್ಮೆಯಿಂದ ಸಮಾಧಾನ ಹೇಳಿದ. ಉಂಗುರ ಕೊಟ್ಟದ್ದು ಇಷ್ಟೆಲ್ಲ ಆದ ಮೇಲೆ. ಮಾತು ನಂಬಿಕೆ ಹುಟ್ಟಿಸಿತು, ಉಂಗುರ ಅದಕ್ಕೆ ಮುದ್ರೆಯೊತ್ತಿತು.

ಹನುಮಂತನಿಗೆ ವೀಳ್ಯದೆಲೆಯ ಹಾರ ಏಕೆ ಹಾಕುತ್ತೇವೆ ಎಂಬುದಕ್ಕೆ ನಮ್ಮಲ್ಲಿ ಹೇಳುವ ಕತೆ ಇಲ್ಲಿಗೇ ಸೇರುತ್ತದೆ. ಗಂಡನ ಸುದ್ದಿ ತಂದವನಿಗೆ ಏನಾದರೂ ಕೊಡಬೇಕೆಂದು ಸೀತೆಗೆ ಆಸೆಯಾಯಿತಂತೆ. ಸೆರೆಯಲ್ಲಿದ್ದವಳ ಕೈಯಲ್ಲಿ ಏನಿದೆ? ಹೂವೂ ಸಿಗಲಿಲ್ಲ. ಹತ್ತಿರದಲ್ಲಿ ಹಬ್ಬಿದ್ದ ವೀಳ್ಯದ ಬಳ್ಳಿಯಿಂದ ಎಲೆ ಕಿತ್ತು ಹಾರ ಮಾಡಿ ಕೊರಳಿಗೆ ಹಾಕಿದಳಂತೆ. ವಾಲ್ಮೀಕಿಯಲ್ಲಿ ಇದಿಲ್ಲ, ಜನರ ಬಾಯಲ್ಲಿದೆ, ಜನ ಇದನ್ನು ಬಹಳ ತಿಳಿದು ಕಟ್ಟಿದ್ದಾರೆ. ವಡೆಸರ ಹಾಕುತ್ತೇವೆ, ಬೆಣ್ಣೆ ಅಲಂಕಾರ ಮಾಡುತ್ತೇವೆ, ಶನಿವಾರ ಎಕ್ಕದೆಲೆಯ ಮಾಲೆ ಏರಿಸುತ್ತೇವೆ. ಅವುಗಳಿಗೆಲ್ಲ ಅವುಗಳದೇ ಕಾರಣಗಳುಂಟು. ವೀಳ್ಯದೆಲೆ ಮಾತ್ರ ಒಳ್ಳೆಯ ಮಾತಿಗೆ ಸಂದ ಬಹುಮಾನ. ನಮ್ಮ ನಾಡಿನಲ್ಲಿ ವೀಳ್ಯ ಕೊಟ್ಟರೆ ಮಾತು ಕೊಟ್ಟಂತೆ. ಮದುವೆ ನಿಶ್ಚಯವಾಗುವುದು ಎಲೆ ಅಡಿಕೆ ಬದಲಾದಾಗ, ಕೆಲಸ ಒಪ್ಪಿಸುವುದು ವೀಳ್ಯ ಕೊಟ್ಟು, ಶುಭಕಾರ್ಯಕ್ಕೆ ಕರೆಯುವುದೂ ಅದನ್ನು ಮುಂದಿಟ್ಟು. ಹೂವಾಡಗಿತ್ತಿ ಎಲೆಗಳನ್ನು ಜೋಡಿಸಿ ದಾರಕ್ಕೆ ಕಟ್ಟುವುದನ್ನು ನೋಡುವಾಗೆಲ್ಲ ನನಗೆ ಸೀತೆಯ ಹಾರ, ವೀಳ್ಯ ಕೊಟ್ಟು ಆಡಿದ ಮಾತು ಎರಡೂ ಒಟ್ಟಿಗೇ ನೆನಪಾಗುತ್ತವೆ.

ಮರಳಿ ಬಂದಾಗಿನ ಮಾತು ಇನ್ನೂ ಸೊಗಸು. ಕನ್ನಡದಲ್ಲಿ ನಾವು ‘ನಾನು ಸೀತೆಯನ್ನು ಕಂಡೆ’ ಎನ್ನುತ್ತೇವೆ. ನಮ್ಮ ಭಾಷೆಯಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ‘ಸೀತೆಯನ್ನು’ ಎಂದು ಕೇಳಿದವನು ‘ಕಂಡೆ’ ಬರುವವರೆಗೆ ಉಸಿರು ಹಿಡಿಯಬೇಕು. ಕಂಡನೋ ಕಾಣಲಿಲ್ಲವೋ, ಇದ್ದಾಳೋ ಇಲ್ಲವೋ? ಆ ಅರೆಕ್ಷಣವನ್ನೂ ಹನುಮ ಕಾಯಿಸಲಿಲ್ಲ. ವಾಲ್ಮೀಕಿಯಲ್ಲಿ, ದಡದಲ್ಲಿ ಕಾದಿದ್ದ ಅಂಗದ ಜಾಂಬವಂತರಿಗೆ ಅವನು ಹೇಳುವ ಮೊದಲ ಪದ ‘ಕಂಡಾಯಿತು’ ಎಂಬರ್ಥದ್ದು. ತಮಿಳಿನ ಕವಿ ಕಂಬ ರಾಮನೆದುರಿಗೂ ಇದೇ ಕ್ರಮದಲ್ಲಿ ಮಾತಾಡಿಸುತ್ತಾನೆ. ಕಂಡೆ, ಸೀತೆಯನ್ನು. ಹರಿಕಥೆಯ ದಾಸರು ಇಲ್ಲಿಗೆ ಬಂದಾಗ ತಾಳ ನಿಲ್ಲಿಸಿ, ಸಭೆಯ ಕಡೆ ನೋಡಿ, ಈ ಪದಗಳ ಕ್ರಮವನ್ನು ಬಿಡಿಸಿ ಹೇಳುವುದುಂಟು. ನಾನು ಕೇಳಿದ ಒಂದು ಹರಿಕಥೆಯಲ್ಲಿ ಹಿಂದಿನ ಸಾಲಿನಲ್ಲಿ ಕುಳಿತಿದ್ದ ಅಜ್ಜ ಈ ಮಾತಿಗೆ ಕಣ್ಣೊರೆಸಿಕೊಂಡಿದ್ದನ್ನು ಮರೆತಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ಸುದ್ದಿಗಾಗಿ ಕಾದು ನಿಂತವರಿಗೆ ಮೊದಲು ಯಾವ ಪದ ಹೇಳಬೇಕು ಎಂಬುದು ಗೊತ್ತಿದ್ದವನು ಹನುಮ.

ಕರಾವಳಿಯ ತಾಳಮದ್ದಳೆಯವರು ಹನುಮನ ಈ ಗುಣವನ್ನು ಎಂದೋ ಹಿಡಿದಿದ್ದಾರೆ. ‘ಶರಸೇತು ಬಂಧನ’ ಪ್ರಸಂಗ ಕೇಳಿದ್ದೀರಾದರೆ ಗೊತ್ತಿರುತ್ತದೆ. ರಾಮ ಬಾಣಗಳಿಂದಲೇ ಸೇತುವೆ ಕಟ್ಟಬಹುದಿತ್ತಲ್ಲ, ಕಲ್ಲು ಹೊರಿಸಿದ್ದೇಕೆ ಎಂದು ಅರ್ಜುನ ಹಮ್ಮಿನಿಂದ ಕೇಳುತ್ತಾನೆ. ಮುದಿ ಕೋತಿಯ ರೂಪದಲ್ಲಿದ್ದ ಹನುಮ ಉತ್ತರಿಸುತ್ತಾನೆ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ, ಬಾಲವಿಲ್ಲ, ಗದೆಯಿಲ್ಲ. ಪಂಚೆಯುಟ್ಟು ಶಾಲು ಹೊದ್ದು ಕುಳಿತ ಅರ್ಥಧಾರಿಯ ಮಾತೊಂದರಿಂದಲೇ ಹನುಮ ಮೂಡಬೇಕು. ರಾತ್ರಿಯಿಡೀ ಜನ ಕುಳಿತು ಕೇಳುತ್ತಾರೆ.

ಬಯಲುಸೀಮೆಗೆ ಬನ್ನಿ. ಅಗಸಿ ಬಾಗಿಲ ಹತ್ತಿರ ಹಣಮಂತದೇವರ ಗುಡಿ. ಆ ಗುಡಿಯಿಲ್ಲದ ಊರು ಊರೇ ಅಲ್ಲ ಎನ್ನುವ ಮಟ್ಟಿಗೆ ಅದು ಊರಿಗೆ ಹೊಂದಿಕೊಂಡಿದೆ. ಮನೆಗೊಬ್ಬ ಹನುಮಪ್ಪ, ಹನುಮವ್ವ, ಮಾರುತಿ. ಕದರಮಂಡಲಗಿಯಲ್ಲಿ ಅವನು ಕಾಂತೇಶ, ಸಾತೇನಹಳ್ಳಿಯಲ್ಲಿ ಶಾಂತೇಶ, ಶಿಕಾರಿಪುರದಲ್ಲಿ ಭ್ರಾಂತೇಶ; ಶಿಕಾರಿಪುರದವರು ಪ್ರೀತಿಯಿಂದ ಹುಚ್ಚರಾಯಸ್ವಾಮಿ ಎನ್ನುತ್ತಾರೆ. ತುಳಸಿಗೇರಿಯ ಹನುಮಪ್ಪ, ಯಲಗೂರಿನ ಹನುಮಪ್ಪ ಎಂದರೆ ಕೃಷ್ಣಾ ತೀರದ ಮನೆಮನೆಗೂ ಗೊತ್ತು. ಆ ಗುಡಿಯ ಕಟ್ಟೆ ಊರಿನ ಮಾತಿನ ಜಾಗ. ಎತ್ತಿನ ವ್ಯಾಪಾರ, ಹೆಣ್ಣು ಗಂಡಿನ ಮಾತುಕತೆ, ಬದುವಿನ ತಕರಾರು, ಅಣ್ಣ ತಮ್ಮಂದಿರ ಪಾಲು ಎಲ್ಲ ಅಲ್ಲೇ ನಡೆಯುತ್ತಿತ್ತು. ಸುಳ್ಳು ಹೇಳುತ್ತಾನೆಂಬ ಅನುಮಾನ ಬಂದರೆ ‘ಹಣಮಪ್ಪನ ಮುಂದ ನಿಂತು ಹೇಳು’ ಎನ್ನುತ್ತಿದ್ದರು. ಒಳಗೆ ಹೋಗಿ ಗಂಟೆ ಬಾರಿಸಿ ಹೇಳಿದ ಮಾತಿಗೆ ಮುಂದೆ ಎದುರಾಡುವವರಿರಲಿಲ್ಲ. ಬಾಂಡ್ ಪೇಪರು, ನೋಟರಿ ಬರುವ ಮೊದಲು ಊರು ತನ್ನ ಮಾತನ್ನು ಒತ್ತೆಯಿಟ್ಟದ್ದು ಈ ದೇವರ ಹತ್ತಿರ.

ಊರೂರಿಗೆ ಹನುಮನನ್ನು ಮುಟ್ಟಿಸಿದವರಲ್ಲಿ ವ್ಯಾಸರಾಯರ ಹೆಸರು ದೊಡ್ಡದು. 1460ರಿಂದ 1539ರವರೆಗೆ ಬಾಳಿದ, ವಿಜಯನಗರದ ಅರಸರಿಗೆ ಗುರುವಾದ ಯತಿ. ಅವರು 732 ಕಡೆ ಪ್ರಾಣದೇವರನ್ನು ಪ್ರತಿಷ್ಠಾಪಿಸಿದರೆಂದು ಪರಂಪರೆ ಎಣಿಸುತ್ತದೆ. ವ್ಯಾಸರಾಯರ ಹನುಮನನ್ನು ನೋಡಿದ ಕೂಡಲೇ ಗುರುತಿಸಬಹುದು. ಪಕ್ಕಕ್ಕೆ ತಿರುಗಿ ಹೆಜ್ಜೆ ಹಾಕುತ್ತಿರುವ ನಿಲುವು, ಮೇಲೆತ್ತಿದ ಬಲಗೈ, ಎಡಗೈಯಲ್ಲಿ ಭೀಮನನ್ನು ನೆನಪಿಸುವ ಸೌಗಂಧಿಕಾ ಹೂವು, ತಲೆಯ ಮೇಲೆ ಬಳಸಿ ಬಂದ ಬಾಲ, ಬಾಲದ ತುದಿಯಲ್ಲೊಂದು ಗಂಟೆ. ಆ ಗಂಟೆಗೆ ಪಂಡಿತರು ಏನೇನೋ ಅರ್ಥ ಹೇಳುತ್ತಾರೆ. ನನಗಂತೂ ಅದು ದನಿಯ ಗುರುತಾಗಿಯೇ ಕಾಣುತ್ತದೆ. ಹಂಪಿಯ ಚಕ್ರತೀರ್ಥದ ಬಳಿ ಅವರದೇ ಯಂತ್ರೋದ್ಧಾರಕ ಹನುಮನಿದ್ದಾನೆ. ಬಂಡೆಯ ಮೇಲೆ ಇದ್ದಿಲಿನಿಂದ ಬರೆದಾಗಲೆಲ್ಲ ಚಿತ್ರ ಕೋತಿಯಾಗಿ ಜಿಗಿದು ಹೋಗುತ್ತಿತ್ತಂತೆ, ಹನ್ನೆರಡು ಸಲ ಹಾಗಾದ ಮೇಲೆ ಷಟ್ಕೋನದ ಯಂತ್ರ ಬರೆದು ನಡುವೆ ನಿಲ್ಲಿಸಿದರಂತೆ. ಸುತ್ತ ಹನ್ನೆರಡು ಕೋತಿಗಳು, ಒಂದರ ಬಾಲ ಇನ್ನೊಂದರ ಹಿಡಿತದಲ್ಲಿ. ಒಳಗೆ ಹನುಮ ಪದ್ಮಾಸನ ಹಾಕಿ ಕುಳಿತಿದ್ದಾನೆ. ಹಾರುವವನನ್ನು ಹೀಗೆ ಕೂರಿಸಿದ್ದು ವ್ಯಾಸರಾಯರ ದೊಡ್ಡ ದರ್ಶನ.

ನದಿಯಾಚೆ ಅಂಜನಾದ್ರಿ. 575 ಮೆಟ್ಟಿಲು ಹತ್ತಿ ಜನ ಹೋಗುತ್ತಾರೆ, ಮಾರ್ಗಶಿರದಲ್ಲಿ ಹನುಮಮಾಲೆ ಧರಿಸಿದವರು ಸಾವಿರ ಸಾವಿರ ಬರುತ್ತಾರೆ. ಹನುಮ ಹುಟ್ಟಿದ್ದು ಇಲ್ಲೋ ತಿರುಮಲದಲ್ಲೋ ಎಂಬ ವಾದ 2021ರಲ್ಲಿ ಜೋರಾಗಿಯೇ ನಡೆಯಿತು. ನನ್ನ ಮನಸ್ಸು ಸಹಜವಾಗಿ ನಮ್ಮ ಬೆಟ್ಟದ ಕಡೆಗಿದೆ. ಆದರೆ ಮಾತಿನ ದೇವರ ಕುರಿತ ಆ ವಾದದಲ್ಲಿ ಎರಡೂ ಕಡೆಯ ಕೆಲವರು ಬಳಸಿದ ಮಾತುಗಳು ನನಗೆ ನೋವು ತಂದವು.

ಇನ್ನು ಹನುಮನ ಮುಖದ ವಿಷಯ. ಕಾಸರಗೋಡು ಸೀಮೆಯ ಯುವ ಕಲಾವಿದರೊಬ್ಬರು 2015ರಲ್ಲಿ ಗೆಳೆಯರ ಬಳಗದ ಬಾವುಟಕ್ಕೆಂದು ಬರೆದ ಹನುಮನ ಮುಖ ಇಂದು ದೇಶದ ಕಾರು, ಆಟೊ, ಬೈಕುಗಳ ಮೇಲೆಲ್ಲ ಇದೆ. ಗಂಟಿಕ್ಕಿದ ಹುಬ್ಬು, ಕೇಸರಿ ಕಪ್ಪು ಬಣ್ಣ. ಚಿತ್ರದಲ್ಲಿ ಕಸುವಿದೆ. ಅದು ಕೋಪವಲ್ಲ, ಗತ್ತು ಎಂದು ಬರೆದವರೇ ಹೇಳಿದ್ದಾರೆ. ಆದರೂ ನೋಡಿದವರಲ್ಲಿ ಬಹಳ ಮಂದಿ ಅದನ್ನು ಸಿಟ್ಟಿನ ಹನುಮ ಎಂದೇ ಕರೆದರು. ಸಿಟ್ಟಿನ ವಿಷಯದಲ್ಲಿ ಹನುಮನದೇ ಒಂದು ಮಾತಿದೆ. ಲಂಕೆಗೆ ಬೆಂಕಿಯಿಟ್ಟು, ಬಾಲವನ್ನು ಕಡಲಲ್ಲಿ ಅದ್ದಿದ ಮೇಲೆ ಅವನಿಗೆ ಎದೆ ಧಸಕ್ಕೆಂದಿತು. ಊರೆಲ್ಲ ಉರಿಯುತ್ತಿದೆ, ಸೀತೆಯ ಗತಿಯೇನು? ತನ್ನನ್ನೇ ಹಳಿದುಕೊಂಡ. ಸಿಟ್ಟು ಬಂದವನಿಗೆ ಯಾವುದನ್ನು ಆಡಬೇಕು, ಯಾವುದನ್ನು ಆಡಬಾರದು ಎಂಬುದೇ ತಿಳಿಯುವುದಿಲ್ಲ, ನೀರಿನಿಂದ ಬೆಂಕಿ ಆರಿಸುವಂತೆ ಸಿಟ್ಟನ್ನು ಆರಿಸಬಲ್ಲವರೇ ಧನ್ಯರು ಎಂದುಕೊಂಡ. ಸೀತೆ ಕ್ಷೇಮವಾಗಿದ್ದಾಳೆಂದು ತಿಳಿದು, ಅವಳನ್ನು ಮತ್ತೊಮ್ಮೆ ಕಣ್ಣಾರೆ ಕಂಡ ಮೇಲೆಯೇ ಲಂಕೆಯಿಂದ ಹೊರಟ. ಸುಂದರಕಾಂಡದ 55ನೆಯ ಸರ್ಗದಲ್ಲಿ ಇದೆಲ್ಲ ಇದೆ. ಲಂಕಾದಹನವನ್ನು ಕುಣಿದು ಹಾಡುವ ನಾವು ಈ ಭಾಗವನ್ನು ದಾಟಿ ಹೋಗುತ್ತೇವೆ. ಸುಂದರಕಾಂಡ ಪಾರಾಯಣ ಮಾಡುವವರಲ್ಲಿ ನನ್ನ ಬೇಡಿಕೆಯೆಂದರೆ, ಈ ಸರ್ಗವನ್ನು ಮನೆಯವರಿಗೆಲ್ಲ ಕೇಳುವಂತೆ ಓದಿ, ಅರ್ಥವನ್ನೂ ಹೇಳಿ.

ಈ ಶನಿವಾರ ಮಕ್ಕಳನ್ನು ಕರೆದುಕೊಂಡು ನಿಮ್ಮೂರಿನ ಹನುಮಪ್ಪನ ಗುಡಿಗೆ ಹೋಗಿ. ವೀಳ್ಯದೆಲೆಯ ಹಾರ ಏರಿಸಿ. ಎಲೆ ಯಾಕೆ ಎಂದು ಮಕ್ಕಳು ಕೇಳಿದರೆ ಸೀತೆಯ ಕತೆ ಹೇಳಿ. ಎಂಟು ವರಗಳ ಶ್ಲೋಕ ಹೇಳಿಸುವಾಗ ಬೆರಳು ಮಡಿಸಿ ಎಣಿಸಿ. ಎಂಟನೆಯದನ್ನು ನುಂಗಲು ಬಿಡಬೇಡಿ.